ಹೊಲದಲ್ಲಿ 48 ಬಗೆ, ಜೆಲ್‌ನಲ್ಲಿ ಒಂದೇ ಬಗೆ: ಮಾರ್ಕರ್ ಬದಲಿಸಬೇಕೇ?

ಪ್ರಶ್ನೆ: ನಾನು ಎಂ.ಎಸ್ಸಿ. ವಿದ್ಯಾರ್ಥಿನಿ. ತೊಗರಿಯ 48 ನಾಟಿ ತಳಿಗಳ ಆನುವಂಶಿಕ ವೈವಿಧ್ಯ ಅಳೆಯುವುದು ನನ್ನ ಪ್ರಬಂಧದ ವಿಷಯ. ಹೊಲದಲ್ಲಿ ಇವು ಒಂದಕ್ಕೊಂದು ಹೋಲುವುದೇ ಇಲ್ಲ. ಎತ್ತರ, ಹೂವಿನ ಬಣ್ಣ, ಕಾಳಿನ ಬಣ್ಣ, ಕೊಯ್ಲಿಗೆ ಬರುವ ದಿನ ಎಲ್ಲವೂ ಬೇರೆ ಬೇರೆ. ಆದರೆ ಪ್ರತಿ ತಳಿಯಿಂದ ಒಂದು ಗಿಡದ ಎಲೆ ತೆಗೆದು 20 ಆರ್‌ಎಪಿಡಿ ಪ್ರೈಮರ್ (ಡಿಎನ್‌ಎಗೆ ಅಂಟಿ ಅದರ ತುಂಡುಗಳನ್ನು ನಕಲು ಮಾಡಿಸುವ ಚಿಕ್ಕ ಎಳೆ) ಹಾಕಿ ಜೆಲ್‌ನಲ್ಲಿ ನೋಡಿದರೆ ಬ್ಯಾಂಡ್‌ಗಳು, ಅಂದರೆ ಆ ತುಂಡುಗಳ ಗೆರೆಗಳು, ಹೆಚ್ಚುಕಡಿಮೆ ಒಂದೇ ಥರ. ಎಸ್‌ಎಸ್‌ಆರ್‌ಗೆ (ಮತ್ತೆ ಮತ್ತೆ ಬರುವ ತುಣುಕಿನ ಉದ್ದ ನೋಡುವ ಮಾರ್ಕರ್) ಬದಲಿಸು ಅಂತ ಒಬ್ಬ ಸೀನಿಯರ್ ಹೇಳುತ್ತಾರೆ. ಈಗ ಎಸ್‌ಎನ್‌ಪಿ (ಡಿಎನ್‌ಎಯ ಒಂದಕ್ಷರದ ಬದಲಾವಣೆ) ಬಿಟ್ಟು ಬೇರೇನೂ ನಡೆಯಲ್ಲ ಅಂತ ಇನ್ನೊಬ್ಬರು. ನನ್ನ ಫಲಿತಾಂಶ ತಪ್ಪೇ? ಡಿಎನ್‌ಎಯ ವ್ಯತ್ಯಾಸ ಗುರುತಿಸುವ ಇಂಥ ಮಾರ್ಕರ್‌ಗಳಲ್ಲಿ ಯಾವುದು ಒಳ್ಳೆಯದು? ಕೊನೆಗೆ ಕ್ಲಸ್ಟರ್ ಮರ (ಹೋಲುವ ತಳಿಗಳನ್ನು ಒಂದೇ ಕೊಂಬೆಗೆ ಸೇರಿಸುವ ಚಿತ್ರ) ಬರೆದರೆ ಸಾಕೇ?

ಉತ್ತರ: ಫಲಿತಾಂಶ ತಪ್ಪು ಅಂತ ಈಗಲೇ ತೀರ್ಮಾನಿಸಬೇಡಿ. ನಿಮ್ಮ ಕಣ್ಣಿಗೆ ಕಂಡದ್ದೂ ನಿಜ ಇರಬಹುದು, ಜೆಲ್ ತೋರಿಸಿದ್ದೂ ನಿಜ ಇರಬಹುದು. ಎರಡೂ ಬೇರೆ ಬೇರೆ ಜಾಗ ನೋಡುತ್ತಿವೆ, ಅಷ್ಟೇ. ಮಾರ್ಕರ್ ಆಯ್ಕೆಯ ಮಾತು ಆಮೇಲೆ ಬರಲಿ. ನನಗೆ ಹೆಚ್ಚು ಚಿಂತೆ ಹುಟ್ಟಿಸಿದ್ದು ನಿಮ್ಮ ಪ್ರಶ್ನೆಯ ನಡುವೆ ಬಂದ ಸಣ್ಣ ಮಾತು: "ಪ್ರತಿ ತಳಿಯಿಂದ ಒಂದು ಗಿಡ". ಅದಕ್ಕೆ ಬರುತ್ತೇನೆ.

ಮೊದಲು ಕಣ್ಣಿಗೂ ಜೆಲ್‌ಗೂ ಯಾಕೆ ತಾಳೆಯಾಗುವುದಿಲ್ಲ ನೋಡೋಣ. ಭತ್ತದ ಉದಾಹರಣೆ ತೆಗೆದುಕೊಳ್ಳಿ. ಕಾಡು ಭತ್ತದ ಅಕ್ಕಿ ಕೆಂಪು. ಇವತ್ತು ಬೆಳೆಯುವ ಬಿಳಿ ಅಕ್ಕಿಯ ತಳಿಗಳಲ್ಲಿ ಹೆಚ್ಚಿನವು ಬಿಳಿಯಾದದ್ದು ಆರ್‌ಸಿ ಎಂಬ ಒಂದೇ ಜೀನ್‌ನಲ್ಲಿ 14 ಅಕ್ಷರ ಕಳಚಿ ಹೋದದ್ದರಿಂದ. ಡಿಎನ್‌ಎಯ ಎ, ಟಿ, ಜಿ, ಸಿಗಳನ್ನೇ ನಾನು ಅಕ್ಷರ ಅನ್ನುತ್ತಿದ್ದೇನೆ. ಬರೀ 14 ಅಕ್ಷರ! ಅಷ್ಟಕ್ಕೇ ಕಾಳಿನ ಬಣ್ಣ ಪೂರಾ ಬದಲಾಯಿತು. ಅಂಥ ಎರಡು ತಳಿಗಳನ್ನು ಅಕ್ಕಪಕ್ಕ ಇಟ್ಟರೆ ಮಗುವೂ ಬೇರೆ ಅನ್ನುತ್ತದೆ. ಆದರೆ ಉಳಿದ ಕೋಟಿಗಟ್ಟಲೆ ಅಕ್ಷರಗಳಲ್ಲಿ ಅವು ಅಣ್ಣತಮ್ಮಂದಿರ ಹಾಗಿರಬಹುದು. ಮನುಷ್ಯರು ಬೀಜ ಆರಿಸಿಕೊಂಡಿದ್ದು ಬಣ್ಣ, ಗಾತ್ರ, ಅವಧಿ ನೋಡಿ. ಹಾಗಾಗಿ ಬೆಳೆಗಳಲ್ಲಿ ಕಣ್ಣಿಗೆ ಬೀಳುವ ಗುಣಗಳು ಬಹಳ ಹರಡಿರುತ್ತವೆ. ಜೀನೋಮ್‌ನ, ಅಂದರೆ ಇಡೀ ಡಿಎನ್‌ಎಯ, ಉಳಿದ ಭಾಗ ಅಷ್ಟು ಹರಡಿರಬೇಕು ಅಂತೇನೂ ಇಲ್ಲ.

ತೊಗರಿಯಲ್ಲಿ ಈ ಅಂತರ ಬಹಳ ಎದ್ದು ಕಾಣುತ್ತದೆ. ಬೇರೆ ಬೇರೆ ಪ್ರಯೋಗಾಲಯಗಳು ಬೇರೆ ಬೇರೆ ಮಾರ್ಕರ್ ಬಳಸಿ ಪದೇ ಪದೇ ಕಂಡದ್ದು ಇದನ್ನೇ: ಸಾಗುವಳಿಯ ತೊಗರಿಯಲ್ಲಿ ಡಿಎನ್‌ಎ ಮಟ್ಟದ ವೈವಿಧ್ಯ ಕಡಿಮೆ, ಅದರ ಕಾಡು ಬಂಧುಗಳಲ್ಲಿ ಬಹಳ ಜಾಸ್ತಿ. ಕಾಡಿನಿಂದ ಹೊಲಕ್ಕೆ ಬರುವಾಗ ಕೆಲವೇ ಗಿಡಗಳ ಸಂತತಿ ದಾಟಿ ಬಂದಿತು. ಉಳಿದದ್ದು ಹಿಂದೆಯೇ ಉಳಿಯಿತು. ನೀವು ನೋಡುತ್ತಿರುವುದು ಆ ಹಳೆಯ ಇಕ್ಕಟ್ಟಿನ ಗುರುತೇ ಇರಬಹುದು.

ಜೊತೆಗೆ ಆರ್‌ಎಪಿಡಿ ಎಷ್ಟು ಕಡಿಮೆ ಜಾಗ ತಡಕುತ್ತದೆ ಅಂತ ಲೆಕ್ಕ ಹಾಕಿ. ಪ್ರೈಮರ್‌ಗೆ 6 ಬ್ಯಾಂಡ್ ಅಂತ ಹಿಡಿದರೆ 20 ಪ್ರೈಮರ್‌ಗೆ 120 ಬ್ಯಾಂಡ್. ಒಂದು ಬ್ಯಾಂಡ್ ಬರಬೇಕಾದರೆ 10 ಅಕ್ಷರದ ಪ್ರೈಮರ್ ಎರಡು ಕಡೆ ಕೂರಬೇಕು, ಅಂದರೆ 20 ಅಕ್ಷರ. 120 ಬ್ಯಾಂಡ್‌ಗೆ 2,400 ಅಕ್ಷರ. ತೊಗರಿಯ ಜೀನೋಮ್ ಸುಮಾರು 83 ಕೋಟಿ ಅಕ್ಷರದ್ದು. ವ್ಯತ್ಯಾಸ ಆ 2,400ರೊಳಗೆ ಬಿದ್ದಿರಬೇಕು, ಇಲ್ಲವೇ ಎರಡು ಪ್ರೈಮರ್‌ಗಳ ನಡುವೆ ದೊಡ್ಡ ತುಂಡೊಂದು ಸೇರಿರಬೇಕು ಅಥವಾ ಬಿಟ್ಟುಹೋಗಿರಬೇಕು. ಆಗ ಮಾತ್ರ ನಿಮಗೆ ಕಾಣುತ್ತದೆ. ಕಾಳಿನ ಬಣ್ಣದ ಜೀನ್ ಆ ಬಲೆಗೆ ಸಿಗುವ ಸಂಭವ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ.

ಕಣ್ಣಿನ ಅಂದಾಜು ಎಷ್ಟು ಮೋಸ ಮಾಡಬಲ್ಲದು ಅನ್ನುವುದಕ್ಕೆ 1970ರ ಅಮೆರಿಕದ ಮೆಕ್ಕೆಜೋಳವನ್ನು ನಾನು ವಿದ್ಯಾರ್ಥಿಗಳಿಗೆ ಯಾವಾಗಲೂ ಹೇಳುತ್ತೇನೆ. ಹೆಸರು ಬೇರೆ, ಕಂಪನಿ ಬೇರೆ, ಎತ್ತರ ಬೇರೆ ಅಂತ ಬಗೆಬಗೆಯ ಹೈಬ್ರಿಡ್‌ಗಳು ಹೊಲದಲ್ಲಿದ್ದವು. ಆದರೆ ಅವುಗಳಲ್ಲಿ ಹೆಚ್ಚಿನವಕ್ಕೆ ತಾಯಿಯಿಂದ ಬಂದ ಕೋಶದ್ರವ ಒಂದೇ. ಟಿ ಕೋಶದ್ರವ ಅಂತ ಅದನ್ನು ಕರೆಯುತ್ತಾರೆ. ಅದಕ್ಕೆ ಒಗ್ಗಿದ ಎಲೆ ಅಂಗಮಾರಿ ಶಿಲೀಂಧ್ರ ಬಂದಾಗ ದೇಶದ ಬೆಳೆಯಲ್ಲಿ ಸುಮಾರು ಶೇ. 15ರಷ್ಟು ಹೋಯಿತು. ಅಲ್ಲಿ ಕೋಶಕೇಂದ್ರದ ಡಿಎನ್‌ಎಯನ್ನು ಎಷ್ಟು ಮಾರ್ಕರ್ ಹಾಕಿ ನೋಡಿದ್ದರೂ ಈ ಅಪಾಯ ಕಾಣುತ್ತಿರಲಿಲ್ಲ, ಯಾಕೆಂದರೆ ದೋಷ ಇದ್ದದ್ದು ಆ ಕೋಶದ್ರವದ ಮೈಟೋಕಾಂಡ್ರಿಯಾದಲ್ಲಿ. ಆದ್ದರಿಂದ "ವೈವಿಧ್ಯ ಇದೆಯೇ" ಅಂತ ಸುಮ್ನೆ ಕೇಳಿದರೆ ಸಾಲದು. ಯಾವುದರ ವೈವಿಧ್ಯ, ಯಾವುದಕ್ಕಾಗಿ ಅಂತ ಕೇಳಬೇಕು. ನಿಮ್ಮ ಪ್ರಬಂಧದ ಮೊದಲ ಪುಟದಲ್ಲೇ ಈ ಉತ್ತರ ಇರಬೇಕು. ಬೀಜ ಸಂಗ್ರಹದಲ್ಲಿ ಯಾವುದನ್ನು ಉಳಿಸಬೇಕು ಅನ್ನುವುದೇ? ಕ್ರಾಸ್ ಮಾಡಲು ದೂರದ ಜೋಡಿ ಹುಡುಕುವುದೇ? ಎರಡು ಹೆಸರಿನಲ್ಲಿ ಒಂದೇ ತಳಿ ಇದೆಯೇ ಅಂತ ಪತ್ತೆ ಮಾಡುವುದೇ? ಮೂರಕ್ಕೂ ಬೇಕಾದ ಮಾದರಿ ಬೇರೆ, ಮಾರ್ಕರ್ ಬೇರೆ, ಲೆಕ್ಕ ಬೇರೆ.

ಈಗ ಒಂದು ಗಿಡದ ವಿಷಯ.

ಭತ್ತ, ಗೋಧಿಗಳು ಬಹುಪಾಲು ತಮ್ಮ ಪರಾಗದಿಂದಲೇ ಕಾಳು ಕಟ್ಟುತ್ತವೆ. ಶುದ್ಧ ತಳಿಯಾದರೆ ಒಂದು ಗಿಡ ಇಡೀ ತಳಿಯ ಪರವಾಗಿ ಮಾತಾಡಬಲ್ಲದು. ತೊಗರಿ ಹಾಗಲ್ಲ. ಸ್ವಂತ ಪರಾಗವೂ ಉಂಟು, ಜೇನು ತಂದ ಪರಾಗವೂ ಉಂಟು. ಎಷ್ಟು ಪಾಲು ಹೊರಗಿನದು ಅನ್ನುವುದು ಜಾಗ, ಹವೆ, ಹುಳಗಳ ಓಡಾಟದ ಮೇಲೆ ಬಹಳ ಬದಲಾಗುತ್ತದೆ. ಹಾಗಾಗಿ ನಾಟಿ ತೊಗರಿ ತಳಿ ಅಂದರೆ ಒಂದು ಹಿಂಡು. ಹಿಂಡಿನಿಂದ ಒಂದನ್ನು ಹಿಡಿದು ತಂದು ಹಿಂಡಿನ ಗುಣ ಹೇಳಲು ಆಗುತ್ತದಾ?

ಲೆಕ್ಕದಲ್ಲಿ ನೋಡಿ. ಒಂದು ತಳಿಯಲ್ಲಿ 10% ಪ್ರಮಾಣದಲ್ಲಿ ಇರುವ ಆಲೀಲ್ (ಡಿಎನ್‌ಎಯ ಒಂದೇ ಜಾಗದ ಹಲವು ರೂಪಗಳಲ್ಲಿ ಒಂದು) ನಿಮ್ಮ ಮಾದರಿಯಲ್ಲಿ ಒಮ್ಮೆಯಾದರೂ ಕಾಣಬೇಕು, ಅದೂ 95% ಭರವಸೆಯಿಂದ ಅಂದರೆ 29 ಪ್ರತಿ ಬೇಕು. ಗಿಡಕ್ಕೆ ಎರಡು ಪ್ರತಿ. ಅಂದರೆ 15 ಗಿಡ. ಅದೇ ಆಲೀಲ್ 5% ಇದ್ದರೆ 59 ಪ್ರತಿ, ಅಂದರೆ 30 ಗಿಡ. ಒಂದೇ ಗಿಡ ತೆಗೆದವರಿಗೆ ಆ 5%ರ ಆಲೀಲ್ ಸಿಗುವ ಸಂಭವ ಹತ್ತರಲ್ಲಿ ಒಂದು. ಈ ಲೆಕ್ಕ ಗಿಡದ ಎರಡು ಪ್ರತಿಗಳು ಬೇರೆ ಬೇರೆ ಕಡೆಯಿಂದ ಬಂದಿವೆ ಎಂದು ಹಿಡಿದದ್ದು. ಸ್ವಂತ ಪರಾಗ ಜಾಸ್ತಿ ಇದ್ದರೆ ಎರಡೂ ಒಂದೇ ಆಗಿರುತ್ತವೆ, ಆಗ ಗಿಡಗಳ ಸಂಖ್ಯೆ ಇನ್ನೂ ಏರುತ್ತದೆ. ವೈವಿಧ್ಯದ ದೊಡ್ಡ ಪಾಲು ತಳಿಗಳ ಒಳಗೇ ಇದ್ದರೆ ನಿಮ್ಮ 48 ಗಿಡಗಳು ಅದನ್ನು ನೋಡಿಯೇ ಇಲ್ಲ. ಅದನ್ನು ಯಾವ ಮಾರ್ಕರ್ ಬಂದರೂ ಸರಿಪಡಿಸಲಾರದು. ಇದಕ್ಕೇ ನಾನು ಮಾರ್ಕರ್‌ಗಿಂತ ಮೊದಲು ಎಲೆ ಕಿತ್ತ ದಿನದ ಬಗ್ಗೆ ಕೇಳುವುದು.

ಬೀಜ ಎಲ್ಲಿಂದ ಬಂತು ಅನ್ನುವುದನ್ನೂ ವಿಚಾರಿಸಿ. ಜೀನ್ ಬ್ಯಾಂಕಿನಲ್ಲಿ ಬಲೆಯೊಳಗೆ ಒಂದೆರಡು ಗಿಡಗಳಿಂದ ಬೀಜ ಹೆಚ್ಚಿಸಿ ಕೊಟ್ಟಿದ್ದರೆ ತಳಿಯೊಳಗಿನ ವೈವಿಧ್ಯ ಅಲ್ಲೇ ಸೋರಿರುತ್ತದೆ. ಆಗ ನೀವು ಅಳೆಯುವುದು ಆ ಚೀಲದ ವೈವಿಧ್ಯವನ್ನು, ಮೂಲ ತಳಿಯದನ್ನಲ್ಲ. ಹತ್ತು ಗಿಡಗಳ ಎಲೆ ಒಟ್ಟಿಗೆ ಅರೆದು ಒಂದೇ ಡಿಎನ್‌ಎ ಮಾಡುವ ಅಡ್ಡದಾರಿ ಕೆಲವರು ಹೇಳಬಹುದು. ಸಾಮಾನ್ಯ ಆಲೀಲ್‌ಗಳಿಗೆ ಅದು ನಡೆಯುತ್ತದೆ. ಅಪರೂಪದವು ಮುಳುಗಿಹೋಗುತ್ತವೆ, ಗಿಡದಿಂದ ಗಿಡಕ್ಕೆ ಇರುವ ವ್ಯತ್ಯಾಸ ಪೂರಾ ಮಾಯವಾಗುತ್ತದೆ.

ಇನ್ನು ನಿಮ್ಮ ಪ್ರಯೋಗ ಸರಿಯಾಗಿ ನಡೆದಿದೆಯೇ ಅನ್ನುವ ಪರೀಕ್ಷೆ ಸುಲಭ, ಈ ವಾರವೇ ಮಾಡಬಹುದು. ತೊಗರಿಯ ಕಾಡು ಬಂಧು ಒಂದರ ಡಿಎನ್‌ಎ ಹೊಂದಿಸಿಕೊಳ್ಳಿ. ಕಜಾನಸ್ ಸ್ಕಾರಬೇಯಾಯ್ಡಿಸ್ ಸಿಕ್ಕರೆ ಒಳ್ಳೆಯದು. ನಿಮ್ಮವೇ 20 ಪ್ರೈಮರ್‌ಗಳಲ್ಲಿ ಅದನ್ನೂ ಓಡಿಸಿ. ಕಾಡು ಗಿಡದ ಬ್ಯಾಂಡ್‌ಗಳು ಸ್ಪಷ್ಟವಾಗಿ ಬೇರೆ ಬಂದು, ನಿಮ್ಮ 48 ಮಾತ್ರ ಒಂದೇ ಥರ ಇದ್ದರೆ ನಿಮ್ಮ ಪಿಸಿಆರ್ (ಡಿಎನ್‌ಎ ತುಂಡುಗಳನ್ನು ನಕಲು ಮಾಡುವ ಪ್ರಕ್ರಿಯೆ) ಸರಿಯಾಗಿ ಕೆಲಸ ಮಾಡುತ್ತಿದೆ, ಇಕ್ಕಟ್ಟು ತಳಿಗಳಲ್ಲೇ ಇದೆ ಅನ್ನಬಹುದು. ಕಾಡು ಗಿಡವೂ ಅದೇ ಥರ ಕಂಡರೆ ಕೊಳವೆಯಲ್ಲಿ ಏನೋ ಬೆರೆತಿದೆ. ಡಿಎನ್‌ಎ ಹಾಕದ ಖಾಲಿ ಕೊಳವೆಯನ್ನು ಓಡಿಸಿದ್ದೀರಾ? ಅದರಲ್ಲೂ ಬ್ಯಾಂಡ್ ಬಂದರೆ ಉತ್ತರ ಸಿಕ್ಕಿತು. ಒಂದು ಮಾತು: ಕೊನೆಯಲ್ಲಿ ಮರ ಬರೆಯುವಾಗ ಕಾಡು ಗಿಡವನ್ನು ಸೇರಿಸಿ ಒಂದು, ಬಿಟ್ಟು ಒಂದು ಬರೆಯಿರಿ. ಸೇರಿಸಿದ ಮರದಲ್ಲಿ ಅದೊಂದು ಎಲ್ಲೋ ದೂರ ನಿಂತು, ನಿಮ್ಮ 48 ಒಂದೇ ಗಂಟಾಗಿ ಕಾಣುತ್ತವೆ.

ಆರ್‌ಎಪಿಡಿ 1990ರಲ್ಲಿ ಬಂದಾಗ ನಿಜಕ್ಕೂ ದೊಡ್ಡ ಬಿಡುಗಡೆ. ಬೆಳೆಯ ಡಿಎನ್‌ಎ ಬಗ್ಗೆ ಏನೂ ಗೊತ್ತಿಲ್ಲದೆಯೂ ಕೆಲಸ ಶುರು ಮಾಡಬಹುದಿತ್ತು. ಅದಕ್ಕೆ ಮೊದಲಿದ್ದ ಆರ್‌ಎಫ್‌ಎಲ್‌ಪಿ ಎಂಬ ಮಾರ್ಕರ್‌ಗೆ ಡಿಎನ್‌ಎಯೂ ಜಾಸ್ತಿ ಬೇಕು, ದಿನಗಳೂ ಜಾಸ್ತಿ ಬೇಕು. ಆದರೆ ಆರ್‌ಎಪಿಡಿಯ ಪ್ರೈಮರ್ ಚಿಕ್ಕದು. ಅದು ಕೂರಲಿ ಅಂತ ತಾಪಮಾನವನ್ನು 36 ಡಿಗ್ರಿ ಆಸುಪಾಸಿಗೆ ಇಳಿಸುತ್ತೇವೆ. ಅಷ್ಟು ತಣ್ಣಗಿದ್ದಾಗ ಪ್ರೈಮರ್ ಪೂರಾ ಹೊಂದದ ಕಡೆಯೂ ಕೂರುತ್ತದೆ. ಡಿಎನ್‌ಎ ಪ್ರಮಾಣ, ಮೆಗ್ನೀಸಿಯಂ, ಟ್ಯಾಕ್ ಕಿಣ್ವ, ಯಂತ್ರ ಯಾವುದು ಬದಲಾದರೂ ಬ್ಯಾಂಡ್ ಬದಲಾಗಬಹುದು. ಒಮ್ಮೆ ನಡುವೆ ಕಿಣ್ವದ ಹೊಸ ಡಬ್ಬಿ ತೆರೆದಿದ್ದರಿಂದ ನನ್ನ ಮಾದರಿಗಳು ಚೆಂದವಾಗಿ ಎರಡು ಗುಂಪಾದವು. ಹಳೆ ಡಬ್ಬಿಯ ಗುಂಪು, ಹೊಸ ಡಬ್ಬಿಯ ಗುಂಪು. ಅದನ್ನು ಪತ್ತೆ ಹಚ್ಚಲು ಮೂರು ವಾರ ಹಿಡಿಯಿತು. ಅಂದಿನಿಂದ ಹತ್ತರಲ್ಲಿ ಒಂದು ಮಾದರಿಯನ್ನು ಬೇರೆ ದಿನ, ಬೇರೆ ಕೈಯಿಂದ ಮತ್ತೆ ಮಾಡಿಸದೆ ನಾನು ಯಾವ ಜೆಲ್ಲನ್ನೂ ಓದುವುದಿಲ್ಲ.

ಇನ್ನೊಂದು ಕೊರತೆ ನಿಮ್ಮ ಬೆಳೆಗೆ ಹೆಚ್ಚು ಮುಖ್ಯ. ಆರ್‌ಎಪಿಡಿ ಬ್ಯಾಂಡ್ ಇದೆ ಅಂದರೆ ಒಂದು ಪ್ರತಿ ಇದೆಯೋ ಎರಡು ಇದೆಯೋ ತಿಳಿಯುವುದಿಲ್ಲ. ತಂದೆಯಿಂದ ಒಂದು ಥರ, ತಾಯಿಯಿಂದ ಇನ್ನೊಂದು ಥರ ಪಡೆದ ಗಿಡವೂ, ಎರಡು ಕಡೆಯಿಂದ ಒಂದೇ ಪಡೆದ ಗಿಡವೂ ಒಂದೇ ಥರ ಕಾಣುತ್ತವೆ. ಜೇನು ಬೆರೆಸುವ ಬೆಳೆಯಲ್ಲಿ ಬೆರಕೆ ಎಷ್ಟು ಅನ್ನುವುದೇ ಮುಖ್ಯ ಪ್ರಶ್ನೆ, ಅದಕ್ಕೇ ಉತ್ತರ ಸಿಗುವುದಿಲ್ಲ. ಐಎಸ್‌ಎಸ್‌ಆರ್, ಎಎಫ್‌ಎಲ್‌ಪಿ ಎಂಬ ಮಾರ್ಕರ್‌ಗಳು ಇದಕ್ಕಿಂತ ಗಟ್ಟಿ, ಆದರೆ ಈ ಕೊರತೆ ಅವಕ್ಕೂ ಇದೆ.

ಎಸ್‌ಎಸ್‌ಆರ್ ಇಲ್ಲಿ ನಿಮ್ಮ ಕೈ ಹಿಡಿಯುತ್ತದೆ. ಜೀನೋಮ್‌ನಲ್ಲಿ ಜಿಎ-ಜಿಎ-ಜಿಎ ಅಂತ ಒಂದೇ ತುಣುಕು ಮತ್ತೆ ಮತ್ತೆ ಬರುವ ಜಾಗಗಳಿವೆ. ಕೋಶ ತನ್ನ ಡಿಎನ್‌ಎ ನಕಲು ಮಾಡುವಾಗ ಅಲ್ಲಿ ಎಳೆ ಜಾರುತ್ತದೆ. ಒಂದು ಜಿಎ ಹೆಚ್ಚಾಗುತ್ತದೆ ಇಲ್ಲವೇ ಕಡಿಮೆಯಾಗುತ್ತದೆ. ಬೇರೆ ಜಾಗಗಳಿಗಿಂತ ಇದು ಬಹಳ ಬೇಗ ಬೇಗ ನಡೆಯುವುದರಿಂದ, ವೈವಿಧ್ಯ ಕಡಿಮೆ ಇರುವ ಬೆಳೆಯಲ್ಲೂ ಇಲ್ಲಿ ವ್ಯತ್ಯಾಸ ಸಿಗುತ್ತದೆ. 12 ಸಲ ಜಿಎ ಇರುವ ಆಲೀಲ್‌ಗೂ 15 ಸಲ ಇರುವುದಕ್ಕೂ ಉದ್ದದಲ್ಲಿ 6 ಅಕ್ಷರದ ಅಂತರ. ಗಿಡದಲ್ಲಿ ಎರಡೂ ಇದ್ದರೆ ಎರಡೂ ಬ್ಯಾಂಡ್ ಕಾಣುತ್ತವೆ, ಬೆರಕೆ ಗೊತ್ತಾಗುತ್ತದೆ.

ಆದರೆ ಇದನ್ನು ಸಾಮಾನ್ಯ ಅಗರೋಸ್ ಜೆಲ್‌ನಲ್ಲಿ ಓದಲು ಹೋಗಬೇಡಿ. ಎರಡು ಅಕ್ಷರದ ಅಂತರ ಅಲ್ಲಿ ಬೇರೆಯಾಗುವುದಿಲ್ಲ, ಎರಡು ಆಲೀಲ್ ಒಂದಾಗಿ ಕಂಡು ವೈವಿಧ್ಯ ಮತ್ತೆ ಕಡಿಮೆ ಬರುತ್ತದೆ. ಪಾಲಿಅಕ್ರಿಲಮೈಡ್ ಜೆಲ್ ಬೇಕು, ಸಾಧ್ಯವಾದರೆ ಕ್ಯಾಪಿಲರಿ ಯಂತ್ರ. ಇನ್ನೆರಡು ಬಲೆಗಳಿವೆ. ಪ್ರೈಮರ್ ಕೂರುವ ಜಾಗದಲ್ಲೇ ಅಕ್ಷರ ಬದಲಾಗಿದ್ದರೆ ಆ ಆಲೀಲ್ ಬರುವುದೇ ಇಲ್ಲ, ಬೆರಕೆ ಗಿಡ ಶುದ್ಧ ಗಿಡದಂತೆ ಕಾಣುತ್ತದೆ. ಎರಡು ಆಲೀಲ್ ಒಂದೇ ಉದ್ದ ಇವೆ ಅಂದ ಮಾತ್ರಕ್ಕೆ ಒಂದೇ ಪೂರ್ವಜನಿಂದ ಬಂದವು ಅಂತಲೂ ಅಲ್ಲ. ಬೇರೆ ಬೇರೆ ದಾರಿಯಲ್ಲಿ ಜಾರಿ ಒಂದೇ ಉದ್ದಕ್ಕೆ ಬಂದಿರಬಹುದು. ಒಂದೆರಡು ಮಾರ್ಕರ್ ನಂಬಿ ಕೂರಬಾರದು ಅನ್ನುವುದು ಇದಕ್ಕೇ.

ಎಸ್‌ಎನ್‌ಪಿ ಬಿಟ್ಟರೆ ನಡೆಯಲ್ಲ ಅನ್ನುವ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಒಂದಕ್ಷರದ ಬದಲಾವಣೆ ಜೀನೋಮ್ ತುಂಬ ಇದೆ, ಸಾವಿರಾರು ಕಡೆ ಒಟ್ಟಿಗೆ ಓದಬಹುದು, ಒಂದು ಪ್ರಯೋಗಾಲಯದ ಓದು ಇನ್ನೊಂದಕ್ಕೆ ನೇರ ಹೊಂದುತ್ತದೆ. ಇದೆಲ್ಲ ನಿಜ. ಆದರೆ ಒಂದು ಜಾಗದಲ್ಲಿ ಸಾಮಾನ್ಯವಾಗಿ ಎರಡೇ ರೂಪ, ಒಂದೊಂದು ಎಸ್‌ಎನ್‌ಪಿ ಕೊಡುವ ಮಾಹಿತಿ ಕಡಿಮೆ. ಮೊದಲೇ ಆರಿಸಿದ ಜಾಗಗಳನ್ನಷ್ಟೇ ಓದುವ ಚಿಪ್ ಬಳಸಿದರೆ ಇನ್ನೊಂದು ಓರೆ ಸೇರುತ್ತದೆ. ಚಿಪ್ಪಿನ ಜಾಗಗಳನ್ನು ಕೆಲವೇ ತಳಿಗಳಲ್ಲಿ ಹುಡುಕಿ ಆರಿಸಿರುತ್ತಾರೆ. ಆ ತಳಿಗಳ ಬಂಧುಗಳಲ್ಲಿ ವೈವಿಧ್ಯ ಜಾಸ್ತಿ ಕಾಣುತ್ತದೆ, ದೂರದ ನಾಟಿ ತಳಿಗಳು ಬಡವಾಗಿ ಕಾಣುತ್ತವೆ. ನಾಟಿ ತಳಿಗಳ ಮೇಲೆ ಕೆಲಸ ಮಾಡುವವರಿಗೆ ಇದು ಸಣ್ಣ ದೋಷವಲ್ಲ. 2011ರಿಂದ ಬಳಕೆಗೆ ಬಂದ, ಜೀನೋಮ್‌ನ ಆಯ್ದ ತುಂಡುಗಳನ್ನು ನೇರವಾಗಿ ಓದುವ ಜಿಬಿಎಸ್ ವಿಧಾನ ನಿಮ್ಮ ಗಿಡಗಳಲ್ಲೇ ಹೊಸದಾಗಿ ಜಾಗ ಹುಡುಕುತ್ತದೆ, ಆ ಓರೆ ಬಹಳ ಕಡಿಮೆ. ಅಲ್ಲಿ ನೋಡಬೇಕಾದದ್ದು ಓದಿನ ಆಳ. ಬೆರಕೆ ಗಿಡದ ಒಂದು ಜಾಗವನ್ನು ಎರಡೇ ಸಲ ಓದಿದರೆ, ಎರಡೂ ಸಲ ಒಂದೇ ಅಕ್ಷರ ಸಿಕ್ಕಿ ಶುದ್ಧ ಅಂತ ತಪ್ಪಾಗಿ ಬರೆಯುವ ಸಂಭವ ಅರ್ಧಕ್ಕರ್ಧ. ಐದು ಸಲ ಓದಿದರೆ ಅದು ಹದಿನಾರರಲ್ಲಿ ಒಂದಕ್ಕೆ ಇಳಿಯುತ್ತದೆ. ಹಣ, ಕಂಪ್ಯೂಟರ್ ಕೆಲಸ ಬಲ್ಲವರು ಎರಡೂ ಇದ್ದರೆ ಜಿಬಿಎಸ್ ಮಾಡಿ. ಇಲ್ಲದಿದ್ದರೆ ಚೆನ್ನಾಗಿ ಆರಿಸಿದ ಎಸ್‌ಎಸ್‌ಆರ್ ಎಂ.ಎಸ್ಸಿ. ಪ್ರಬಂಧಕ್ಕೆ ಧಾರಾಳ ಸಾಕು.

ನಿಮ್ಮ ಜಾಗದಲ್ಲಿ ನಾನಿದ್ದರೆ ಹೀಗೆ ಮಾಡುತ್ತಿದ್ದೆ. 48 ತಳಿಯಿಂದಲೂ ಮೂರು ಮೂರು ಗಿಡ, ಒಟ್ಟು 144. ಅವುಗಳಲ್ಲಿ ಒಂದಕ್ಕೊಂದು ಬಹಳ ದೂರ ಅನ್ನಿಸುವ ಆರು ತಳಿಗಳಿಂದ ಇನ್ನೂ 12 ಗಿಡ ಸೇರಿಸಿ ತಳಿಗೆ 15 ಮಾಡಿದರೆ ಇನ್ನು 72. ಒಟ್ಟು 216 ಗಿಡ. ಕಾಡು ಬಂಧುವಿನ 3, ಮತ್ತೆ ಓಡಿಸಲು 18, ಖಾಲಿ ಕೊಳವೆ 3. ಸೇರಿ 240, ಅಂದರೆ 96 ಗುಣಿಗಳ ಪ್ಲೇಟ್ ಎರಡೂವರೆ. ತೊಗರಿಗೆ 11 ಜೊತೆ ಕ್ರೋಮೋಸೋಮ್. ಪ್ರತಿ ಜೊತೆಗೆ ಎರಡರಂತೆ ಒಂದರಿಂದೊಂದು ದೂರ ಇರುವ 22 ಎಸ್‌ಎಸ್‌ಆರ್ ಆರಿಸಿಕೊಳ್ಳಿ. ಒಂದೇ ಕ್ರೋಮೋಸೋಮ್‌ನಲ್ಲಿ ಅಕ್ಕಪಕ್ಕ ಇರುವ ಐದು ಮಾರ್ಕರ್ ಒಂದೇ ಕಥೆಯನ್ನು ಐದು ಸಲ ಹೇಳುತ್ತವೆ. ಎಳೆಯ ಎಲೆಯನ್ನೇ ತೆಗೆಯಿರಿ. ಬಲಿತ ಎಲೆಯ ಪಾಲಿಫಿನಾಲ್ ಡಿಎನ್‌ಎಗೆ ಅಂಟಿಕೊಂಡು ಕಂದು ಮಾಡುತ್ತದೆ, ಪಿಸಿಆರ್ ನಿಲ್ಲುತ್ತದೆ. ಡಿಎನ್‌ಎ ತೆಗೆಯುವ ಸಿಟಿಎಬಿ ದ್ರಾವಣಕ್ಕೆ, ಪಾಲಿಫಿನಾಲ್ ಹಿಡಿದಿಡುವ ಪಿವಿಪಿ ಹಾಕಿ.

ಲೆಕ್ಕದ ಹೊತ್ತಿಗೆ ಒಂದು ತಪ್ಪು ಬಹಳ ಪ್ರಬಂಧಗಳಲ್ಲಿ ನೋಡಿ ಬೇಸತ್ತಿದ್ದೇನೆ. ಆರ್‌ಎಪಿಡಿಗೆ ಪಿಐಸಿ (ಮಾರ್ಕರ್ ಎಷ್ಟು ಮಾಹಿತಿ ಕೊಡುತ್ತದೆ ಅನ್ನುವ ಅಂಕಿ) 0.8, 0.9 ಅಂತ ಬರೆದಿರುತ್ತಾರೆ. ಬ್ಯಾಂಡ್ ಇದೆ, ಇಲ್ಲ ಅನ್ನುವ ಎರಡೇ ರೂಪ ಇರುವ ಮಾರ್ಕರ್‌ಗೆ ಬಳಕೆಯ ಸೂತ್ರ 2f(1−f). ಇಲ್ಲಿ f ಅಂದರೆ ಬ್ಯಾಂಡ್ ಇರುವ ಗಿಡಗಳ ಪಾಲು. ಇದು 0.5 ದಾಟಲು ಸಾಧ್ಯವೇ ಇಲ್ಲ. ಒಂದು ಪ್ರೈಮರ್‌ನ ಬ್ಯಾಂಡ್‌ಗಳನ್ನೆಲ್ಲ ಒಂದೇ ಜೀನ್‌ನ ಆಲೀಲ್‌ಗಳು ಅಂತ ಹಿಡಿದಾಗ ಆ 0.8 ಬರುತ್ತದೆ. ಅವು ಬೇರೆ ಬೇರೆ ಜಾಗಗಳು, ಅಲ್ವಾ? ಎಸ್‌ಎಸ್‌ಆರ್‌ನಲ್ಲಿ ಮಾತ್ರ ಅಷ್ಟು ಎತ್ತರ ಮುಟ್ಟಬಹುದು. ಅಲ್ಲಿಯೂ ಆಲೀಲ್ ಎಷ್ಟು ಅನ್ನುವುದಕ್ಕಿಂತ ಹೇಗೆ ಹಂಚಿವೆ ಅನ್ನುವುದು ಮುಖ್ಯ. ನಾಲ್ಕು ಆಲೀಲ್ ಸಮವಾಗಿದ್ದರೆ ಜೀನ್ ವೈವಿಧ್ಯ, ಅಂದರೆ ಸುಮ್ನೆ ಎತ್ತಿದ ಎರಡು ಪ್ರತಿ ಬೇರೆ ಬೇರೆ ಇರುವ ಸಂಭವ, 0.75. ಅದೇ ನಾಲ್ಕರಲ್ಲಿ ಒಂದು 85%, ಉಳಿದ ಮೂರು ತಲಾ 5% ಇದ್ದರೆ 0.27. ಆಲೀಲ್ ಎಣಿಕೆ ಎರಡರಲ್ಲೂ ನಾಲ್ಕೇ.

ಇನ್ನು ಮರ. ಯುಪಿಜಿಎಂಎ ಎಂಬ ಗುಂಪು ಮಾಡುವ ವಿಧಾನ ಯಾವ ಅಂಕಿ ಕೊಟ್ಟರೂ ಮರ ಬರೆದುಕೊಡುತ್ತದೆ. ಸುಮ್ನೆ ಸೊನ್ನೆ ಒಂದು ತುಂಬಿಸಿಕೊಟ್ಟರೂ ಅಂದವಾದ ಕೊಂಬೆಗಳು ಬರುತ್ತವೆ. ಗುಂಪು ನಿಜವೋ ಅಂತ ಬೂಟ್‌ಸ್ಟ್ರಾಪ್ (ಮಾರ್ಕರ್‌ಗಳನ್ನು ಮತ್ತೆ ಮತ್ತೆ ಆರಿಸಿ ಅದೇ ಗುಂಪು ಎಷ್ಟು ಸಲ ಬರುತ್ತದೆ ಅಂತ ಎಣಿಸುವುದು) ಮಾಡಿ ನೋಡಿ. ಕೊಂಬೆಗಳಿಗೆ ಬೆಂಬಲ ತೀರ ಕಡಿಮೆ ಬಂದರೆ ಆ ಗುಂಪಿನ ಮೇಲೆ ಒಂದು ವಾಕ್ಯವನ್ನೂ ಬರೆಯಬೇಡಿ. ಹೋಲಿಕೆಯ ಅಳತೆಯೂ ಮರ ಬದಲಿಸುತ್ತದೆ. ಎರಡು ಗಿಡಗಳನ್ನು ಹೋಲಿಸುವಾಗ ಹತ್ತು ಬ್ಯಾಂಡ್‌ಗಳಲ್ಲಿ ನಾಲ್ಕು ಇಬ್ಬರಲ್ಲೂ ಇವೆ, ಮೂರು ಇಬ್ಬರಲ್ಲೂ ಇಲ್ಲ, ಉಳಿದ ಮೂರು ಒಬ್ಬರಲ್ಲಿ ಮಾತ್ರ ಅಂದುಕೊಳ್ಳಿ. ಇಬ್ಬರಲ್ಲೂ ಇಲ್ಲದ್ದನ್ನು ಬಿಟ್ಟು ಎಣಿಸುವ ಜಕಾರ್ಡ್ ಅಳತೆಯ ಪ್ರಕಾರ ಹೋಲಿಕೆ ಏಳರಲ್ಲಿ ನಾಲ್ಕು, 0.57. ಇಬ್ಬರಲ್ಲೂ ಇಲ್ಲದ್ದನ್ನೂ ಹೋಲಿಕೆ ಅಂತ ಎಣಿಸಿದರೆ 0.70. ಆರ್‌ಎಪಿಡಿ ಬ್ಯಾಂಡ್ ಇಲ್ಲದಿರಲು ಹತ್ತು ಕಾರಣ ಇರುತ್ತವೆ. ಅದಕ್ಕೆ ಜಕಾರ್ಡ್ ಹೆಚ್ಚು ಸುರಕ್ಷಿತ. ಎಸ್‌ಎಸ್‌ಆರ್ ಬಂದ ಮೇಲೆ ಆಲೀಲ್ ಆಧಾರದ ದೂರವನ್ನೇ ಬಳಸಿ, ಆಲೀಲ್‌ಗಳನ್ನು ಸೊನ್ನೆ ಒಂದಾಗಿ ಒಡೆಯಬೇಡಿ.

ಮರಕ್ಕಿಂತ ನಿಮ್ಮ ಪ್ರಬಂಧಕ್ಕೆ ತೂಕ ಕೊಡುವುದು ಅಮೋವಾ ಎಂಬ ಲೆಕ್ಕ. ಒಟ್ಟು ವೈವಿಧ್ಯದಲ್ಲಿ ಎಷ್ಟು ತಳಿಗಳ ನಡುವೆ, ಎಷ್ಟು ತಳಿಗಳ ಒಳಗೆ ಅಂತ ಅದು ಪಾಲು ಮಾಡುತ್ತದೆ. 15 ಗಿಡ ತೆಗೆದ ಆ ಆರು ತಳಿಗಳು ಇಲ್ಲಿ ಉಪಯೋಗಕ್ಕೆ ಬರುತ್ತವೆ. ಒಳಗಿನ ಪಾಲು ದೊಡ್ಡದು ಬಂದರೆ ಸಂಗ್ರಹಕಾರರಿಗೆ ನೀವು ಹೇಳುವ ಮಾತೇ ಬೇರೆ: ಹೆಚ್ಚು ಹೆಸರುಗಳ ಬೆನ್ನು ಹತ್ತುವುದಕ್ಕಿಂತ ಪ್ರತಿ ತಳಿಯಿಂದ ಹೆಚ್ಚು ಗಿಡಗಳ ಬೀಜ ತೆಗೆಯಿರಿ. ಗಿಡಗಳನ್ನು ಗುಂಪುಗಳಿಗೆ ಹಂಚುವ ಸ್ಟ್ರಕ್ಚರ್ ಎಂಬ ತಂತ್ರಾಂಶವನ್ನು ಎಲ್ಲರೂ ಹಾಕುತ್ತಾರೆ, ಹಾಕಿ. ಆದರೆ ಅದು ಗುಂಪಿನೊಳಗೆ ಗಿಡಗಳು ಮನಬಂದಂತೆ ಬೆರೆಯುತ್ತವೆ ಅಂತ ನಂಬಿ ಲೆಕ್ಕ ಮಾಡುತ್ತದೆ. ಭಾಗಶಃ ಸ್ವಂತ ಪರಾಗ ಬಳಸುವ ತೊಗರಿಯಲ್ಲಿ ಆ ನಂಬಿಕೆ ಪೂರ್ತಿ ನಿಲ್ಲುವುದಿಲ್ಲ. ಇದನ್ನು ಬರೆದೇ ಫಲಿತಾಂಶ ಕೊಡಿ.

ಈಗಾಗಲೇ ಮಾಡಿದ 20 ಪ್ರೈಮರ್‌ಗಳ ಜೆಲ್ ಚಿತ್ರಗಳನ್ನು ಎಸೆಯಬೇಡಿ. ಖಾಲಿ ಕೊಳವೆ, ಮರು ಓಟ, ಕಾಡು ಬಂಧು ಮೂರೂ ಸರಿಬಂದರೆ ಅವು ಪ್ರಬಂಧದ ಮೊದಲ ಅಧ್ಯಾಯವಾಗುತ್ತವೆ. ಸಾಗುವಳಿ ತೊಗರಿಯಲ್ಲಿ ವೈವಿಧ್ಯ ಇಕ್ಕಟ್ಟು ಅಂತ ಕಂಡದ್ದೂ ಫಲಿತಾಂಶವೇ. ಅದನ್ನು ಮುಚ್ಚಿಟ್ಟು, ಬ್ಯಾಂಡ್ ಹೆಚ್ಚು ಬದಲಾಗುವ ಪ್ರೈಮರ್‌ಗಳನ್ನಷ್ಟೇ ಆರಿಸಿ ತೋರಿಸುವವರಿದ್ದಾರೆ. ನೀವು ಎಷ್ಟು ಪ್ರೈಮರ್ ಪರೀಕ್ಷಿಸಿದಿರಿ, ಎಷ್ಟರಲ್ಲಿ ಏನೂ ವ್ಯತ್ಯಾಸ ಸಿಗಲಿಲ್ಲ ಅನ್ನುವುದನ್ನೂ ಕೋಷ್ಟಕದಲ್ಲಿ ಬರೆಯಿರಿ. 48 ಗಿಡಗಳ ಡಿಎನ್‌ಎ ಮೈನಸ್ 20ರಲ್ಲಿ ಇಡಿ, ಕೊಳವೆಯ ಮೇಲೆ ತಳಿಯ ಹೆಸರಿನ ಜೊತೆ ಗಿಡದ ಸಂಖ್ಯೆಯನ್ನೂ ಬರೆಯಿರಿ. ಹೊಸ 216ರಲ್ಲಿ ಆ 48 ಗಿಡಗಳನ್ನೇ ಸೇರಿಸಿಕೊಂಡರೆ ಎರಡು ಮಾರ್ಕರ್‌ಗಳನ್ನು ಒಂದೇ ಗಿಡದ ಮೇಲೆ ಹೋಲಿಸಲೂ ಆಗುತ್ತದೆ.